ಮನೆಯಲ್ಲಿದ್ದೇ ಪದವಿ: ಮನ್ನಣೆ ಮೊದಲು, ಖರ್ಚಿನ ಲೆಕ್ಕ ಅನಂತರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಪಿ.ಯು.ಸಿ.ಗೇ ಓದು ನಿಲ್ಲಿಸಿದವರು ಅನೇಕರಿದ್ದಾರೆ. ತಂದೆಯ ತೋಟ ನೋಡಿಕೊಳ್ಳಲು ನಿಂತ ಮಗ, ಪದವಿಯ ನಡುವೆಯೇ ಮದುವೆಯಾಗಿ ಬಂದ ಸೊಸೆ, ಮಂಡಿಯಲ್ಲಿ ಲೆಕ್ಕ ಬರೆಯುವ ಯುವಕ, ಇವರೆಲ್ಲರಿಗೂ ದೂರಶಿಕ್ಷಣವೊಂದೇ ತೆರೆದಿರುವ ಬಾಗಿಲು. ಆದರೆ ಈ ಬಾಗಿಲ ಬಳಿ ಕರೆಯುವವರು ಬಹಳ. ಯಾರ ಕರೆಗೆ ಓಗೊಡಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಅಂಚೆಯ ಮೂಲಕ ಪಾಠ ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೇ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದೇ ಮುಂದೆ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದಕ್ಕೂ ಮೊದಲು, ೧೯೮೫ರಲ್ಲಿ, ಸಂಸತ್ತಿನ ಕಾಯಿದೆಯಿಂದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿತ್ತು. ಇವೆರಡರ ಜೊತೆಗೆ ಈಗ ಅನೇಕ ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾನಿಲಯಗಳೂ ದೂರಶಿಕ್ಷಣ ನೀಡುತ್ತಿವೆ.

ಮನ್ನಣೆ ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳು ಅಡಗಿವೆ. ಮೊದಲನೆಯದು, ಆ ಸಂಸ್ಥೆಗೆ ಪದವಿ ಕೊಡುವ ಹಕ್ಕು ಇದೆಯೇ ಎಂಬುದು. ಇದನ್ನು ನಿರ್ಧರಿಸುವುದು ೧೯೫೬ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಎಂದರೆ ಯು.ಜಿ.ಸಿ.ಯ, ಕಾಯಿದೆ. ಎರಡನೆಯದು, ನೀವು ಸೇರುವ ಪಾಠಕ್ರಮವನ್ನು ನೀವು ಸೇರುವ ವರ್ಷದಲ್ಲಿ ದೂರಶಿಕ್ಷಣದ ಮೂಲಕ ನಡೆಸಲು ಅದಕ್ಕೆ ಅನುಮತಿ ಇದೆಯೇ ಎಂಬುದು. ಮೂರನೆಯದು, ೧೯೯೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆ ಕೊಡುವ ಶ್ರೇಣಿ. ಇದು ಗುಣಮಟ್ಟದ ಅಳತೆಯೇ ಹೊರತು ಅನುಮತಿಪತ್ರವಲ್ಲ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮೂರನೆಯದು. ವಿದ್ಯಾರ್ಥಿಯ ಭವಿಷ್ಯ ನಿಂತಿರುವುದು ಎರಡನೆಯದರ ಮೇಲೆ.

ಇದು ಬರಿಯ ಮಾತಲ್ಲ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಉದಾಹರಣೆಯನ್ನೇ ನೋಡಬಹುದು. ರಾಜ್ಯ ಶಾಸನಸಭೆಯ ಕಾಯಿದೆಯಿಂದಲೇ ಹುಟ್ಟಿದ ಸಂಸ್ಥೆಯಾದರೂ, ತನ್ನ ವ್ಯಾಪ್ತಿಯಾಚೆ ಖಾಸಗಿ ಸಂಸ್ಥೆಗಳ ಮೂಲಕ ಪಾಠಕ್ರಮಗಳನ್ನು ನಡೆಸಿತೆಂಬ ಆಕ್ಷೇಪದಿಂದ, ೨೦೧೨–೧೩ರ ಮುಂದಕ್ಕೆ ಅದಕ್ಕೆ ಮನ್ನಣೆ ಇಲ್ಲವೆಂದು ಯು.ಜಿ.ಸಿ. ೨೦೧೫ರಲ್ಲಿ ಪ್ರಕಟಿಸಿತು. ಸಾವಿರಾರು ವಿದ್ಯಾರ್ಥಿಗಳು ಅನಿಶ್ಚಿತತೆಗೆ ಸಿಕ್ಕಿದರು. ಮನ್ನಣೆ ಮರಳಿದ್ದು ೨೦೧೮ರಲ್ಲಿ, ೨೦೧೮–೧೯ನೆಯ ಸಾಲಿನಿಂದ, ಅದೂ ಮೊದಲಿಗೆ ೧೭ ಪಾಠಕ್ರಮಗಳಿಗೆ. ಹೆಸರು ದೊಡ್ಡದು, ಸಂಸ್ಥೆ ಹಳೆಯದು ಎಂಬ ನಂಬಿಕೆಯೊಂದೇ ಸಾಲದು. ವರ್ಷವನ್ನೂ ಪಾಠಕ್ರಮವನ್ನೂ ನೋಡಬೇಕು ಎಂಬುದೇ ಇದರ ಪಾಠ.

ಇಂಜಿನಿಯರಿಂಗಿನ ಮಾತಂತೂ ಇನ್ನೂ ಕಠಿಣ. ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳ ಮೇಲೆ ಸುಪ್ರೀಂ ಕೋರ್ಟು ೨೦೧೭ರ ನವೆಂಬರಿನಲ್ಲಿ ತೀರ್ಪು ಕೊಟ್ಟಾಗ, ಆ ಪದವಿಯನ್ನೇ ನೆಚ್ಚಿ ಕೆಲಸದಲ್ಲಿದ್ದವರೂ ತೊಂದರೆಗೊಳಗಾದರು. ಇಂಜಿನಿಯರಿಂಗ್, ವೈದ್ಯ, ನರ್ಸಿಂಗ್, ಔಷಧಶಾಸ್ತ್ರ, ಕಾನೂನು ಪದವಿಗಳನ್ನು ದೂರದಿಂದ ಕೊಡುತ್ತೇವೆನ್ನುವವರ ಮಾತನ್ನು ಅಲ್ಲಿಗೇ ಬಿಟ್ಟುಬಿಡುವುದು ಲೇಸು. ಬಿ.ಎಡ್. ಓದಬಯಸುವ ಶಿಕ್ಷಕರು ಎನ್.ಸಿ.ಟಿ.ಇ. ಮನ್ನಣೆಯನ್ನೂ ವಿಚಾರಿಸಬೇಕು.

ಹಾಗೆಂದು ಅಂಜಬೇಕಾದ್ದಿಲ್ಲ. ಅನುಮತಿಯುಳ್ಳ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ. ೨೦೨೨ರಲ್ಲಿ ಸ್ಪಷ್ಟಪಡಿಸಿದೆ. ಪರೀಕ್ಷಿಸುವ ಬಗೆಯೂ ಸುಲಭ. ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗವು ತನ್ನ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ಪಾಠಕ್ರಮ, ವರ್ಷ ಇವುಗಳ ಪಟ್ಟಿಯನ್ನು ಇಟ್ಟಿದೆ. ಅದರಲ್ಲಿ ಈ ಮೂರನ್ನೂ ನೀವೇ ಹುಡುಕಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಶುಲ್ಕವನ್ನು ವಿಶ್ವವಿದ್ಯಾನಿಲಯದ ಖಾತೆಗೇ ಕಟ್ಟಿ, ಅದರ ಹೆಸರಿನಲ್ಲೇ ರಶೀದಿ ಪಡೆಯಿರಿ. ದೂರಶಿಕ್ಷಣವನ್ನು ಗುತ್ತಿಗೆಯಂತೆ ಇನ್ನೊಬ್ಬರಿಗೆ ವಹಿಸಿಕೊಡುವುದಕ್ಕೆ ನಿಯಮವು ಅವಕಾಶ ಕೊಡುವುದಿಲ್ಲ. ಆದ್ದರಿಂದ ನಡುವೆ ನಿಂತು ಹಣ ಕೇಳುವ ದಲ್ಲಾಳಿ ಕಂಡರೆ ಎಚ್ಚರ ವಹಿಸುವುದು ಒಳ್ಳೆಯದು.

ಇನ್ನು ಖರ್ಚಿನ ವಿಚಾರ. ಮೊದಲ ವರ್ಷದ ಶುಲ್ಕವನ್ನು ಕೇಳಿ ಸುಮ್ಮನಾಗುವವರೇ ಹೆಚ್ಚು. ಮೂರು ವರ್ಷದ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ತೇರ್ಗಡೆಯಾಗದ ವಿಷಯಕ್ಕೆ ಮತ್ತೆ ಕಟ್ಟುವ ಹಣ, ಘಟಿಕೋತ್ಸವದ ಶುಲ್ಕ ಇವನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕೂಡಿಸಬೇಕು. ಸಂಪರ್ಕ ತರಗತಿ ಮತ್ತು ಪರೀಕ್ಷೆ ಯಾವ ಊರಿನಲ್ಲಿ ನಡೆಯುತ್ತವೆಂದು ಕೇಳಬೇಕು. ತಿಪಟೂರಿನವರಿಗೆ ರೈಲಿದೆ, ತುರುವೇಕೆರೆಯವರು ಬಾಣಸಂದ್ರದ ನಿಲ್ದಾಣಕ್ಕೆ ಹೋಗಬೇಕು, ಚಿಕ್ಕನಾಯಕನಹಳ್ಳಿಯವರಿಗೆ ಬಸ್ಸೇ ಗತಿ. ಬೆಳಗಿನ ಪರೀಕ್ಷೆಗೆ ದೂರದ ಊರಿನಲ್ಲಿ ಹಿಂದಿನ ರಾತ್ರಿಯೇ ಹೋಗಿ ತಂಗಬೇಕಾದರೆ ಅದೂ ವಿದ್ಯೆಯ ಖರ್ಚೇ. ಕನ್ನಡದಲ್ಲಿ ಪಾಠಪುಸ್ತಕ ಕೊಡುವರೇ, ಕನ್ನಡದಲ್ಲಿ ಉತ್ತರ ಬರೆಯಬಹುದೇ ಎಂಬುದನ್ನೂ ಮರೆಯದೆ ಕೇಳಬೇಕು. ಅರ್ಥವಾಗದ ಪುಸ್ತಕ ಅಗ್ಗವಾದರೂ ದುಬಾರಿಯೇ ಸರಿ.

ಈ ಮೊತ್ತವನ್ನು ನಮ್ಮ ಸೀಮೆಯ ಅಳತೆಯಲ್ಲಿ, ಎಂದರೆ ಕೊಬ್ಬರಿಯಲ್ಲಿ, ಲೆಕ್ಕ ಹಾಕಿ ನೋಡಿ. ಉಂಡೆ ಕೊಬ್ಬರಿಗೆ ೨೦೨೫ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿ. ಮೂರು ವರ್ಷದ ಒಟ್ಟು ಖರ್ಚು ೩೬,೩೦೦ ರೂಪಾಯಿ ಎಂದು ಊಹಿಸಿಕೊಂಡರೆ ಅದು ಮೂರು ಕ್ವಿಂಟಾಲ್ ಆಯಿತು. ೨೦೨೩ರಲ್ಲಿ ಪೇಟೆ ಧಾರಣೆ ೮,೦೦೦ದ ಆಸುಪಾಸಿಗೆ ಇಳಿದಿತ್ತು. ಆ ದರದಲ್ಲಿ ಅದೇ ಖರ್ಚಿಗೆ ನಾಲ್ಕೂವರೆ ಕ್ವಿಂಟಾಲೂ ಸಾಲದು. ೨೦೨೫ರಲ್ಲಿ ಧಾರಣೆ ಅದರ ಮೂರು ಪಟ್ಟಿಗೂ ಮೀರಿ ಏರಿದ್ದುಂಟು. ಏರಿದ ಧಾರಣೆಯನ್ನು ನಂಬಿ ದುಬಾರಿ ಪಾಠಕ್ರಮಕ್ಕೆ ಸೇರಿದವರು, ಧಾರಣೆ ಬಿದ್ದ ವರ್ಷ ನಡುವೆಯೇ ಓದು ಬಿಡಬೇಕಾದೀತು. ಅರ್ಧ ಪದವಿಗೆ ಬೆಲೆ ಕಟ್ಟುವವರು ಯಾರು? ಕಾಯಿ ಕೊಬ್ಬರಿಯಾಗಲು ಅಟ್ಟದ ಮೇಲೆ ಸುಮಾರು ಒಂದು ವರ್ಷ ಕಾಯಬೇಕು. ಶುಲ್ಕದ ಕೊನೆಯ ದಿನ ಅಷ್ಟು ಕಾಯುವುದಿಲ್ಲ. ಕಂತಿನಲ್ಲಿ ಕಟ್ಟುವ ಅನುಕೂಲವುಂಟೇ ಎಂದು ಮೊದಲೇ ತಿಳಿದಿರಬೇಕು.

ಮನ್ನಣೆ ಮತ್ತು ಖರ್ಚು, ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಶುಲ್ಕ ಕಡಿಮೆಯೆಂದು ಮನ್ನಣೆಯ ಕೊರತೆಯನ್ನು ಸಹಿಸುವುದಾಗಲಿ, ಶುಲ್ಕ ಹೆಚ್ಚೆಂದ ಮಾತ್ರಕ್ಕೆ ಮನ್ನಣೆ ಇದ್ದೇ ಇರುತ್ತದೆಂದು ಭಾವಿಸುವುದಾಗಲಿ ತಪ್ಪು. ಮೊದಲು ಮನ್ನಣೆಯ ಜರಡಿ ಹಿಡಿಯಬೇಕು. ಅದರಲ್ಲಿ ಉಳಿದವುಗಳ ನಡುವೆ ಮಾತ್ರ ಖರ್ಚು, ದೂರ, ಭಾಷೆಗಳನ್ನು ಹೋಲಿಸಬೇಕು. ಎರಡು ಸಮನಾಗಿ ಕಂಡಲ್ಲಿ ನ್ಯಾಕ್ ಶ್ರೇಣಿಯನ್ನು ನೋಡಿ ತೀರ್ಮಾನಿಸಬೇಕು. ಕಳೆದ ಹಣವನ್ನು ಇನ್ನೊಂದು ಫಸಲಿನಲ್ಲಿ ಗಳಿಸಿಕೊಳ್ಳಬಹುದು. ಸರಕಾರಿ ಕೆಲಸಕ್ಕೆ ವಯಸ್ಸಿನ ಮಿತಿಯಿರುವ ಮಕ್ಕಳ ಮೂರು ವರ್ಷಗಳನ್ನು ಯಾವ ಫಸಲೂ ಮರಳಿ ತಂದುಕೊಡಲಾರದು.