ಚೀಟಿಯಲ್ಲಿ 10, ಬಿಡುಗಡೆ ಪತ್ರದಲ್ಲಿ 370: ಮಿಲಿಕ್ಯೂರಿ ಮತ್ತು ಬೆಕೆರೆಲ್ ಲೆಕ್ಕ



ಥೈರಾಯಿಡ್ ಚಿಕಿತ್ಸೆಗೋ ಎಲುಬಿನ ಸ್ಕ್ಯಾನಿಗೋ ನಮ್ಮ ಬ್ರೂಸ್‌ಪೇಟೆ, ಸಿರುಗುಪ್ಪ, ಕುರುಗೋಡು ಕಡೆಯವರು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಬರುವುದುಂಟು. ಅಲ್ಲಿ ವಿಕಿರಣ ಸೂಸುವ ಔಷಧಿಯನ್ನು ಕುಡಿಸುತ್ತಾರೆ ಅಥವಾ ಸೂಜಿಯಲ್ಲಿ ಕೊಡುತ್ತಾರೆ. ಮೊದಲ ಚೀಟಿಯಲ್ಲಿ "10 ಮಿಲಿಕ್ಯೂರಿ" ಎಂದಿದ್ದದ್ದು ಬಿಡುಗಡೆ ಪತ್ರದಲ್ಲಿ "370 ಮೆಗಾಬೆಕೆರೆಲ್" ಎಂದು ಕಂಡರೆ ಮನೆಯವರು ಗಾಬರಿಯಾಗುವುದು ಸಹಜ. ಹತ್ತು ಹೇಳಿ ಮುನ್ನೂರ ಎಪ್ಪತ್ತು ಕೊಟ್ಟರೇ? ಇಲ್ಲ, ಎರಡೂ ಒಂದೇ ಪ್ರಮಾಣ.

ನಮ್ಮ ಹಿರಿಯರು ಬಂಗಾರವನ್ನು ತೊಲದಲ್ಲಿ ಹೇಳುತ್ತಾರೆ, ಅಂಗಡಿಯ ಬಿಲ್ಲಿನಲ್ಲಿ ಗ್ರಾಂ ಇರುತ್ತದೆ. ಒಂದು ತೊಲಕ್ಕೆ ಸುಮಾರು 11.66 ಗ್ರಾಂ. ಅಂಕಿ ದೊಡ್ಡದಾಯಿತೆಂದು ಸರದ ತೂಕ ಹೆಚ್ಚಾಗುವುದಿಲ್ಲ. ಇಲ್ಲಿಯೂ ಹಾಗೆಯೇ.

ಈ ಔಷಧಿಯೊಳಗಿನ ಪರಮಾಣುಗಳು ಒಂದೊಂದಾಗಿ ಒಡೆಯುತ್ತಾ ಕಿರಣಗಳನ್ನು ಹೊರಸೂಸುತ್ತವೆ. ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕೆರೆಲ್. ಹಳೆಯ ಅಳತೆಯಾದ ಕ್ಯೂರಿ 1910ರಲ್ಲಿ ಬಂದದ್ದು. ಸುಮಾರು ಒಂದು ಗ್ರಾಂ ರೇಡಿಯಂನಲ್ಲಿ ಎಷ್ಟು ಪರಮಾಣು ಒಡೆಯುತ್ತವೆಯೋ ಅಷ್ಟು, ಅಂದರೆ ಸೆಕೆಂಡಿಗೆ 3,700 ಕೋಟಿ. 1975ರಲ್ಲಿ ಬೆಕೆರೆಲ್ ಅಂತರರಾಷ್ಟ್ರೀಯ ಅಳತೆಯಾಯಿತು. ಆದರೆ ಆಸ್ಪತ್ರೆಗಳಲ್ಲಿ ಹಳೆಯ ರೂಢಿ ಬಿಟ್ಟುಹೋಗಿಲ್ಲ, ಹೀಗಾಗಿ ಎರಡು ಹೆಸರು ಒಟ್ಟಿಗೆ ನಡೆದಿವೆ. (1903ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರೂ ಬೆಕೆರೆಲ್ ಮತ್ತು ಕ್ಯೂರಿ ದಂಪತಿಗಳೇ!)

ನೀವು ನೆನಪಿಡಬೇಕಾದ ಸಂಖ್ಯೆ 37. ಮಿಲಿಕ್ಯೂರಿಯನ್ನು 37ರಿಂದ ಗುಣಿಸಿದರೆ ಮೆಗಾಬೆಕೆರೆಲ್ ಬರುತ್ತದೆ. ಮೆಗಾಬೆಕೆರೆಲನ್ನು 37ರಿಂದ ಭಾಗಿಸಿದರೆ ಮಿಲಿಕ್ಯೂರಿ. 5 ಮಿಲಿಕ್ಯೂರಿ ಎಂದರೆ 185, 15 ಎಂದರೆ 555, 20 ಎಂದರೆ 740. ಆರೋಗ್ಯವಂತರ ಮೈ ಶಾಖ ಸೆಲ್ಸಿಯಸ್‌ನಲ್ಲಿ 37 ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನೆನಪಿಗೆ ಮಾತ್ರ ಅನುಕೂಲ.

ನಿಜವಾಗಿ ಎಡವಟ್ಟಾಗುವುದು ದೊಡ್ಡ ಅಂಕಿಯಿಂದಲ್ಲ, ಸಣ್ಣ ಅಂಕಿಯಿಂದ. ಥೈರಾಯಿಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ 100 ಮಿಲಿಕ್ಯೂರಿಯಷ್ಟು ಅಯೋಡಿನ್-131 ಕೊಟ್ಟು ಪ್ರತ್ಯೇಕ ಕೊಠಡಿಯಲ್ಲಿ ಇರಿಸುತ್ತಾರೆ. ಅದೇ ಪ್ರಮಾಣವನ್ನು ಗಿಗಾಬೆಕೆರೆಲ್‌ನಲ್ಲಿ ಬರೆದರೆ ಬರೀ 3.7! ಒಂದು ಗಿಗಾ ಎಂದರೆ ಸಾವಿರ ಮೆಗಾ. "ಪಕ್ಕದವರಿಗೆ 370 ಇತ್ತು, ನಮಗೆ ಮೂರೂ ಮುಕ್ಕಾಲೂ ಇಲ್ಲ" ಎಂದು ಸಮಾಧಾನಪಟ್ಟು, ಮೊಮ್ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡರೆ ಅದು ತಪ್ಪು. ಪಕ್ಕದವರಿಗಿಂತ ಹತ್ತು ಪಟ್ಟು ಹೆಚ್ಚು ಔಷಧಿ ಆ ದೇಹಕ್ಕೆ ಹೋಗಿದೆ. ಆದ್ದರಿಂದ ಅಂಕಿಯನ್ನು ಒಂಟಿಯಾಗಿ ಓದಬೇಡಿ, ಅದರ ಮುಂದಿನ ಅಕ್ಷರಗಳನ್ನೂ ಓದಿ. ಇಂಗ್ಲಿಷಿನ ಸಣ್ಣ ಎಂ ಅಕ್ಷರ ಮಿಲಿ, ದೊಡ್ಡ ಎಂ ಮೆಗಾ, ದೊಡ್ಡ ಜಿ ಗಿಗಾ. ಬಾಲವಿರುವ ಯು ಅಕ್ಷರದಂತೆ ಕಾಣುವುದು ಮೈಕ್ರೊ, ಅಂದರೆ ಮಿಲಿಯ ಸಾವಿರದಲ್ಲಿ ಒಂದು ಪಾಲು. ಥೈರಾಯಿಡ್ ಎಷ್ಟು ಅಯೋಡಿನ್ ಹೀರುತ್ತದೆ ಎಂದು ನೋಡುವ ಪರೀಕ್ಷೆಗೆ ಕೆಲವೇ ಮೈಕ್ರೊಕ್ಯೂರಿ ಸಾಕು. ಅದು ಚಿಕಿತ್ಸೆಯ ಪ್ರಮಾಣವಲ್ಲ.

ಇನ್ನೊಂದು ವಿಷಯ. ಈ ಪ್ರಮಾಣ ನಿಂತಲ್ಲಿ ನಿಲ್ಲುವುದಿಲ್ಲ. ಅಯೋಡಿನ್-131 ಸುಮಾರು 8 ದಿನಕ್ಕೆ ಅರ್ಧವಾಗುತ್ತದೆ. ನಮ್ಮ ದೇಶದಲ್ಲಿ ಇದು ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ತಯಾರಾಗುತ್ತದೆ. ಅಲ್ಲಿಂದ ಹೊರಟ ಸೀಸೆ ದಾರಿಯಲ್ಲಿಯೇ ಕರಗುತ್ತಾ ಬರುತ್ತದೆ. ಇವತ್ತು 370 ಇದ್ದದ್ದು ನಾಳೆ ಅದೇ ಹೊತ್ತಿಗೆ ಸುಮಾರು 339. ಎಲುಬಿನ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ಇನ್ನೂ ಅವಸರದ್ದು: ಬೆಳಿಗ್ಗೆ 9 ಗಂಟೆಗೆ 740 ಇದ್ದರೆ ಮಧ್ಯಾಹ್ನ 3ಕ್ಕೆ 370, ರಾತ್ರಿ 9ಕ್ಕೆ 185. ಅದಕ್ಕಾಗಿಯೇ ಅಲ್ಲಿನವರು ದಿನ ಮತ್ತು ಗಂಟೆ ಹೇಳಿ ಕರೆಯುವುದು. ಹಂಪಿ ಎಕ್ಸ್‌ಪ್ರೆಸ್ ತಪ್ಪಿತು, ನಾಳೆ ಹೋದರಾಯಿತು ಎಂದುಕೊಳ್ಳಬೇಡಿ. ತಡವಾಗುವುದು ಗೊತ್ತಾದ ಕೂಡಲೇ ಅಲ್ಲಿಗೆ ಫೋನ್ ಮಾಡಿ. ಎರಡು ಚೀಟಿಗಳ ಅಂಕಿಗಳು 37ರ ಲೆಕ್ಕಕ್ಕೆ ಸ್ವಲ್ಪ ಹೊಂದದಿದ್ದರೂ ಮೊದಲು ದಿನಾಂಕ, ವೇಳೆ ನೋಡಿ. ಬಹಳ ಸಲ ಉತ್ತರ ಅಲ್ಲಿಯೇ ಇರುತ್ತದೆ.

ಕೆಲವರ ಕಾಗದದಲ್ಲಿ ಗ್ರೇ, ಮಿಲಿಸೀವರ್ಟ್ ಎಂಬ ಮಾತುಗಳೂ ಇರುತ್ತವೆ. ಅವಕ್ಕೆ 37ರ ಲೆಕ್ಕ ಹಚ್ಚಬೇಡಿ. ಕ್ಯೂರಿ, ಬೆಕೆರೆಲ್ ಹೇಳುವುದು ಔಷಧಿ ಎಷ್ಟು ಎಂಬುದನ್ನು. ಗ್ರೇ, ಸೀವರ್ಟ್ ಹೇಳುವುದು ದೇಹಕ್ಕೆ ತಟ್ಟಿದ್ದು ಎಷ್ಟು ಎಂಬುದನ್ನು. ಒಲೆಯಲ್ಲಿ ಎಷ್ಟು ಕಟ್ಟಿಗೆ ಇದೆ ಎಂಬುದು ಬೇರೆ, ಪಕ್ಕದಲ್ಲಿ ಕುಳಿತವರಿಗೆ ಎಷ್ಟು ಕಾವು ತಗುಲಿತು ಎಂಬುದು ಬೇರೆ.

ಮಕ್ಕಳಿಂದ, ಗರ್ಭಿಣಿಯರಿಂದ ಎಷ್ಟು ದಿನ ದೂರವಿರಬೇಕು ಎಂಬುದನ್ನು ಚಿಕಿತ್ಸೆ ಕೊಟ್ಟ ಆಸ್ಪತ್ರೆಯವರೇ ಬರೆದುಕೊಡುತ್ತಾರೆ. ಮನೆಯಲ್ಲಿ ಕುಳಿತು ಅದನ್ನು ಕಡಿಮೆ ಮಾಡಿಕೊಳ್ಳಬೇಡಿ. ಗರ್ಭ ನಿಂತಿರುವ ಅನುಮಾನವಿದ್ದರೆ ಅಥವಾ ಮಗುವಿಗೆ ಎದೆಹಾಲು ಕೊಡುತ್ತಿದ್ದರೆ ಔಷಧಿ ತೆಗೆದುಕೊಳ್ಳುವ ಮೊದಲೇ, ಯಾರೂ ಕೇಳದಿದ್ದರೂ, ಬಾಯಿಬಿಟ್ಟು ಹೇಳಿ.

ಇಲ್ಲಿ ನಮ್ಮಲ್ಲಿಗೆ ಮರುತಪಾಸಣೆಗೆ ಬರುವಾಗ ಅಂಕಿಯನ್ನು ಬಾಯಿಪಾಠ ಮಾಡಿಕೊಂಡು ಬರುವುದಕ್ಕಿಂತ ಮೂಲ ಚೀಟಿಯನ್ನೇ ತನ್ನಿ. ಬೇರೆ ಹಾಳೆಗೆ ಬರೆದುಕೊಳ್ಳಲೇಬೇಕಾದರೆ ಅಂಕಿ, ಅದರ ಮುಂದಿನ ಅಕ್ಷರಗಳು, ದಿನಾಂಕ ಮೂರನ್ನೂ ಇದ್ದಂತೆಯೇ ಬರೆಯಿರಿ. ಗುಣಾಕಾರ, ಭಾಗಾಕಾರ ಮಾಡಿದ ಉತ್ತರವನ್ನು ಆಸ್ಪತ್ರೆಯ ಚೀಟಿಯ ಮೇಲೆ ಬರೆಯಬೇಡಿ.