ತಾರ್ಕಿಕ ನಿರೂಪಣೆಯ ಎಲ್ಲೆಗಳು: ರೂಪಾತ್ಮಕ ಭಾಷೆಗಳ ನಿರ್ಣಯ ಸಮಸ್ಯೆ

ಗಣಿತಶಾಸ್ತ್ರದಲ್ಲಿ ರೂಪಾತ್ಮಕ ಭಾಷೆಯೆಂದರೆ ಆಯ್ದ ಅಕ್ಷರಗಳಿಂದ ರಚಿತವಾದ ಪದಗಳ ಒಂದು ಗಣ. ಇಲ್ಲಿ ಪದದ ಅರ್ಥ ಅಪ್ರಸ್ತುತ. ಅಕ್ಷರಗಳ ಅನುಕ್ರಮವೇ ಮುಖ್ಯ. ಇಂತಹ ಭಾಷೆಯನ್ನು ಪದಗಳನ್ನು ಓದಿ ಒಪ್ಪುವ ಅಥವಾ ತಿರಸ್ಕರಿಸುವ ಸೀಮಿತ ಸ್ಥಿತಿಗಳ ಯಂತ್ರದಿಂದ ವಿವರಿಸಬಹುದು. ಪದದೊಳಗಿನ ಸ್ಥಾನಗಳನ್ನು ಕುರಿತ ತಾರ್ಕಿಕ ಸೂತ್ರದಿಂದಲೂ ವಿವರಿಸಬಹುದು. ಪ್ರಥಮ ಶ್ರೇಣಿಯ ತರ್ಕದ ಸೂತ್ರವು ‘ಇಂತಹದೊಂದು ಸ್ಥಾನವಿದೆ’, ‘ಎಲ್ಲ ಸ್ಥಾನಗಳಲ್ಲಿಯೂ’ ಎಂಬ ಪರಿಮಾಣವಾಚಿಗಳನ್ನು, ಸ್ಥಾನಗಳ ಹಿಂದುಮುಂದಿನ ಸಂಬಂಧವನ್ನು ಹಾಗೂ ಆಯಾ ಸ್ಥಾನದ ಅಕ್ಷರವನ್ನು ಮಾತ್ರ ಹೇಳಬಲ್ಲದು. ಯಂತ್ರವೊಂದನ್ನು ಕೊಟ್ಟಾಗ ಅದರ ಭಾಷೆಗೆ ಈ ತರ್ಕದಲ್ಲಿ ಸೂತ್ರವಿದೆಯೇ ಎಂದು ನಿರ್ಣಯಿಸುವುದು ಹೇಗೆ?

ಸೂತ್ರ ದೊರೆತರೆ ಉತ್ತರ ಸಿದ್ಧ. ಆದರೆ ಸೂತ್ರಗಳು ಅನಂತವಾದ್ದರಿಂದ, ಹುಡುಕಾಟವೊಂದರಿಂದಲೇ ‘ಇಲ್ಲ’ ಎಂಬ ತೀರ್ಮಾನಕ್ಕೆ ಬರಲಾಗದು. ಈ ತೊಡಕನ್ನು ಬಿಡಿಸಿದ್ದು ಬೀಜಗಣಿತ. ಯಾವುದೇ ಸಂದರ್ಭದಲ್ಲಿ ಒಂದರ ಬದಲು ಇನ್ನೊಂದನ್ನಿಟ್ಟರೂ ಫಲಿತಾಂಶ ಬದಲಾಗದ ಪದಗಳನ್ನು ಒಂದೇ ವರ್ಗವೆಂದು ಎಣಿಸಿದರೆ, ಯಂತ್ರವು ಗುರುತಿಸುವ ಭಾಷೆಗೆ ಸೀಮಿತ ಸಂಖ್ಯೆಯ ವರ್ಗಗಳು ದೊರೆಯುತ್ತವೆ. ಇವುಗಳ ಗುಣಾಕಾರ ವ್ಯವಸ್ಥೆಯೇ ಸಿಂಟ್ಯಾಕ್ಟಿಕ್ ಮೊನಾಯ್ಡ್. 1965ರಲ್ಲಿ ಶ್ಯುಟ್ಸೆನ್‌ಬರ್ಜೆ ಅವರೂ 1971ರಲ್ಲಿ ಮೆಕ್‌ನಾಟನ್ ಮತ್ತು ಪೇಪರ್ಟ್ ಅವರೂ ಸಾಧಿಸಿದ ಪ್ರಮೇಯಗಳನ್ನು ಜೋಡಿಸಿದಾಗ ದೊರೆಯುವ ನಿಯಮ ಸರಳವಾದುದು: ಪ್ರತಿಯೊಂದು ವರ್ಗದ ಘಾತಗಳು ಆವರ್ತನೆಗೊಳ್ಳದೆ ಒಂದು ಹಂತದಲ್ಲಿ ಸ್ಥಿರಗೊಂಡರೆ ಸೂತ್ರವಿದೆ, ಇಲ್ಲವಾದರೆ ಇಲ್ಲ.

ಎರಡು ಉದಾಹರಣೆಗಳನ್ನು ಗಮನಿಸಬಹುದು. ‘ಕ’ ಅಕ್ಷರವೊಂದರಿಂದಲೇ ರಚಿತವಾದ, ಸಮಸಂಖ್ಯೆಯ ಉದ್ದವುಳ್ಳ ಪದಗಳ ಭಾಷೆಯಲ್ಲಿ ‘ಕ’ದ ಘಾತಗಳು ಸಮ-ವಿಷಮಗಳ ನಡುವೆ ಸದಾ ತೂಗಾಡುತ್ತವೆ, ಆದುದರಿಂದ ಸೂತ್ರವಿಲ್ಲ. ‘ಕಗ’ ಎಂಬುದರ ಪುನರಾವರ್ತನೆಗಳ ಭಾಷೆಯಲ್ಲಿಯೂ ಎರಡು ಹೆಜ್ಜೆಯ ಆವರ್ತನವೇ ಕಾಣುತ್ತದೆ. ಆದರೆ ‘ಕಕ’ ಅಲ್ಲಿ ಎಂದಿಗೂ ಬಾರದು; ‘ಕಗ’ದ ವರ್ಗವೂ ಅದರ ವರ್ಗವೂ ಒಂದೇ. ಹೀಗಾಗಿ ಅದರ ಆರು ವರ್ಗಗಳ ಘಾತಗಳೂ ಸ್ಥಿರಗೊಳ್ಳುತ್ತವೆ. ಅದರ ಸೂತ್ರವೂ ಸುಲಭ: ಪದ ಶೂನ್ಯವಲ್ಲದಿದ್ದರೆ ಮೊದಲಲ್ಲಿ ‘ಕ’, ಕೊನೆಯಲ್ಲಿ ‘ಗ’, ನೆರೆಹೊರೆಯಲ್ಲಿ ಒಂದೇ ಅಕ್ಷರವಿಲ್ಲ.

ತರ್ಕದ ಸಾಧನಗಳನ್ನು ಮಿತಗೊಳಿಸಿದಾಗ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಎರಡೇ ಚರಾಕ್ಷರಗಳನ್ನು ಬಳಸುವ ಸೂತ್ರಗಳಿಗೆ ತಕ್ಕ ಬೀಜಗಣಿತೀಯ ಲಕ್ಷಣವನ್ನು 1998ರಲ್ಲಿ ತೆರಿಯನ್ ಮತ್ತು ವಿಲ್ಕೆ ನೀಡಿದರು. ‘ಕಗ’ದ ಭಾಷೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಎರಡು ಸ್ಥಾನಗಳು ನೆರೆಹೊರೆಯವು ಎನ್ನಲು ಅವುಗಳ ನಡುವೆ ಮೂರನೆಯದಿಲ್ಲ ಎನ್ನಬೇಕಲ್ಲವೇ? ಅದಕ್ಕೆ ಮೂರನೆಯ ಚರಾಕ್ಷರ ಅಗತ್ಯ. ‘ಮರುಸ್ಥಾನ’ವೆಂಬ ಸಂಬಂಧವನ್ನೇ ಒದಗಿಸಿದರೆ ಎರಡೇ ಸಾಕು.

‘ಇದೆ’, ‘ಎಲ್ಲ’ ಎಂಬ ಪರಿಮಾಣವಾಚಿಗಳ ಪರ್ಯಾಯಗಳನ್ನು ಎಣಿಸಿ ಸೂತ್ರಗಳನ್ನು ಶ್ರೇಣೀಕರಿಸಿದಾಗ ಸಮಸ್ಯೆ ಕಠಿಣವಾಗುತ್ತದೆ. ಇದರ ಮೊದಲ ಪೂರ್ಣ ಹಂತದ ನಿರ್ಣಯವಿಧಾನವನ್ನು 1975ರಲ್ಲಿ ಸೈಮನ್ ನೀಡಿದರು. ಎರಡನೆಯದಕ್ಕೆ 2014ರವರೆಗೆ, ಪ್ಲಾಸ್ ಮತ್ತು ಝೈತೂನ್ ಅವರ ಸಂಶೋಧನೆಯವರೆಗೆ, ಕಾಯಬೇಕಾಯಿತು. ಎಲ್ಲ ಹಂತಗಳಿಗೂ ಅನ್ವಯಿಸುವ ಒಂದೇ ವಿಧಾನ ಇನ್ನೂ ದೊರೆತಿಲ್ಲ. ಭಾಷೆಯೊಂದಕ್ಕೆ ಸೂತ್ರವಿದೆಯೆಂದು ಅರಿಯುವುದು ಬೇರೆ, ಎಷ್ಟು ಸರಳವಾದ ಸೂತ್ರ ಸಾಕೆಂದು ಅರಿಯುವುದು ಬೇರೆ. ಮೊದಲನೆಯದು ಇತ್ಯರ್ಥವಾಗಿದೆ, ಎರಡನೆಯದು ಈ ಶಾಸ್ತ್ರದ ಮುಂದಿರುವ ಕಾರ್ಯವಾಗಿದೆ.