ಪಿಂಗಾಣಿ ಲೋಟಗಳಿಂದ ಸುರಿದ ಮಳೆ

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರವು ಬಿರುಗಾಳಿಯೊಡನೆ ಉಕ್ಕೇರಿ ಇಂಗ್ಲೆಂಡಿನ ಪೂರ್ವತೀರದಲ್ಲಿ 300ಕ್ಕೂ ಮಿಗಿಲಾದ ಪ್ರಾಣಗಳನ್ನು ಬಲಿಗೊಂಡಾಗ, ಸಫೋಕ್ ಪ್ರಾಂತದ ಆಲ್ಡ್‌ಬರೋ ಎಂಬ ಪುಟ್ಟ ಕಡಲೂರಿನಲ್ಲಿ ನೆಲಸಿದ್ದ ಸಂಗೀತಕಾರ ಬೆಂಜಮಿನ್ ಬ್ರಿಟನ್ನನ ಮನೆಗೂ ನೀರು ನುಗ್ಗಿತ್ತು. ಐದು ವರ್ಷಗಳ ತರುವಾಯ, 1958ರ ಜೂನ್ 18ರಂದು, ಸಮೀಪದ ಆರ್ಫರ್ಡ್ ಗ್ರಾಮದ ಇಗರ್ಜಿಯಲ್ಲಿ ಆತನ ‘ನೋಯ್ಸ್ ಫ್ಲಡ್’ ಎಂಬ ಜಲಪ್ರಳಯದ ಗೇಯನಾಟಕವು ಪ್ರಥಮ ಪ್ರಯೋಗವನ್ನು ಕಂಡಿತು. ಹಾಡಿದವರಲ್ಲಿಯೂ ನುಡಿಸಿದವರಲ್ಲಿಯೂ ಬಹುಪಾಲು ಆ ಸೀಮೆಯ ಮಕ್ಕಳೇ.

ಕಥೆ ಬೈಬಲ್ಲಿನ ನೋಹನದು. ಪಠ್ಯವು ಮಧ್ಯಯುಗದ ಚೆಸ್ಟರ್ ನಗರದ ನಾಟಕಮಾಲೆಯದು. ಒಂದೊಂದು ಕಸುಬಿನವರು ಒಂದೊಂದು ಕಥೆಯನ್ನಾಡುತ್ತಿದ್ದ ಆ ಪದ್ಧತಿಯಲ್ಲಿ ಪ್ರಳಯವು ಡೀ ನದಿಯಿಂದ ನೀರು ಹೊತ್ತು ತರುವವರ ಪಾಲಿಗೆ ಬಂದಿತ್ತೆಂಬುದು ಎಷ್ಟು ಸಮುಚಿತ!

ಮಳೆಯ ಮೊದಲ ಹನಿಗಳಿಗೆ ತಕ್ಕ ನಾದವನ್ನು ಬ್ರಿಟನ್ನನು ಅರಸುತ್ತಿದ್ದಾಗ, ಯುದ್ಧಕಾಲದಲ್ಲಿ ಮಹಿಳಾ ಸಂಘಗಳಿಗೆ ತಾಳವಾದ್ಯವನ್ನು ಕಲಿಸಿದ್ದ ಸಹಾಯಕಿ ಇಮೊಜೆನ್ ಹೋಲ್ಸ್ಟ್ ಅವನನ್ನು ತನ್ನ ಅಡುಗೆಮನೆಗೆ ಕರೆದೊಯ್ದು, ಪಿಂಗಾಣಿ ಲೋಟಗಳನ್ನು ಹುರಿಯಲ್ಲಿ ಸಾಲಾಗಿ ತೂಗುಹಾಕಿ, ದೊಡ್ಡ ಮರದ ಸೌಟಿನಿಂದ ಬಡಿದು ತೋರಿಸಿದಳು. ಆ ಟಿಣ್‌ ಟಿಣ್‌ ನಾದದಿಂದಲೇ ಪ್ರಳಯವು ಆರಂಭವಾಗುತ್ತದೆ. ಮಂದ್ರದಲ್ಲಿ ಒಂದೇ ಸ್ವರಪಂಕ್ತಿ ಮರಳಿ ಮರಳಿ ಬರುತ್ತಿರಲು, ಅದರ ಮೇಲೆ ಗಾಳಿ, ಮಿಂಚು, ಅಲೆಗಳು ಪದರಪದರವಾಗಿ ಏರಿ, ಕಟ್ಟಕಡೆಗೆ ಕುಳಿತಿದ್ದ ಸಭೆಯೂ ಕಡಲಿಗರ ಪ್ರಾರ್ಥನಾಗೀತವನ್ನು ಹಾಡತೊಡಗುತ್ತದೆ. ಪ್ರಳಯ ಇಳಿಯುವಾಗ ಮತ್ತೆ ಅವೇ ಲೋಟಗಳು.

ಅಪಕ್ವ ಕೈಗಳನ್ನು ಅಲಂಕಾರಕ್ಕೆಂದು ಸೇರಿಸಿಕೊಳ್ಳದೆ ಅವಿಲ್ಲದೆ ಕೃತಿಯೇ ನಿಲ್ಲದಂತೆ ರಚಿಸಿದುದನ್ನು ನಾನು ಬ್ರಿಟನ್ನನ ಪರಮೋಚ್ಚ ಸಿದ್ಧಿಗಳಲ್ಲಿ ಎಣಿಸುತ್ತೇನೆ. ನುರಿತ ವಾದಕರು ಬೆರಳೆಣಿಕೆಯಷ್ಟೇ. ಮಕ್ಕಳ ಪಿಟೀಲುಗಳಿಗೆ ಮೂರು ಮಟ್ಟದ ವಾದನಭಾಗಗಳಿದ್ದು, ಮೂರನೆಯದು ಬೆರಳೊತ್ತದೆ ತಂತಿಯ ಮೇಲೆ ಕಮಾನನ್ನೆಳೆಯಲಷ್ಟೇ ಬಲ್ಲ ಎಳೆಯರಿಗಾಗಿ. ಭೂಮಿಯನ್ನರಸಿ ನೋಹನ ನಾವೆಯಿಂದ ಹೊರಟ ಕಾಕವು ಚೆಲ್ಲೋ ವಾದ್ಯಕ್ಕೂ, ಪಾರಿವಾಳವು ನಾಲಗೆ ಕಂಪಿಸುವಂತೆ ಊದುವ ರೆಕಾರ್ಡರ್ ಕೊಳಲಿಗೂ ನರ್ತಿಸುವ ಭಾಗದಲ್ಲಿ ಮಾತೇ ಇಲ್ಲ. ರೆಕ್ಕೆಯ ಬಡಿತವೆಲ್ಲ ಆ ಉಸಿರಿನಲ್ಲಿದೆ. ಮಳೆಬಿಲ್ಲಿನ ಕ್ಷಣಕ್ಕೆ ಕೈಗಂಟೆಗಳು ಒದಗಿದುದಾದರೂ ಊರಿನ ಯುವಕ ಸಂಘದ ಹುಡುಗರು ಅವನ್ನು ಬಾರಿಸುವುದನ್ನು ಅವನು ಕೇಳಿದ್ದರಿಂದಲೇ.

ಈ ಕೃತಿಯನ್ನು ಇಗರ್ಜಿಯಲ್ಲಿಯೋ ವಿಶಾಲವಾದ ಸಭಾಂಗಣದಲ್ಲಿಯೋ ಆಡಬೇಕು, ನಾಟಕಶಾಲೆಯಲ್ಲಿ ಬೇಡವೆಂಬುದು ಬ್ರಿಟನ್ನನ ಅಪೇಕ್ಷೆಯಾಗಿತ್ತು. ಬಿರುಗಾಳಿಯ ನಡುವೆ ಎದ್ದು ಹಾಡಬೇಕಾದ ಜನರನ್ನು ಪರದೆಯ ಈಚೆ ಕತ್ತಲೆಯಲ್ಲಿ ಕೂರಿಸಿದರೆ ಆ ಹಾಡಾದರೂ ಎಲ್ಲಿಂದ ಏಳಬೇಕು?